ತನ್ನ ಬಾಗಿನಕ್ಕೆ ತಾನೇ ದುಡ್ಡು

ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಸಲಹೆಗೆ ಬಂದ ಒಬ್ಬರ ಕಥೆ ಇದು. ಗುರುತು ಸಿಗಬಾರದು ಅಂತ ಹೆಸರು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಇಲ್ಲಿ ಅವರನ್ನು ಸವಿತಾ ಅಂತ ಕರೆಯುತ್ತೇನೆ.

ವಯಸ್ಸು 36. ಹಾಸನದ ಒಂದು ಬೈಕ್-ಸ್ಕೂಟರ್ ಶೋರೂಮಿನಲ್ಲಿ ಸೇಲ್ಸ್ ಮ್ಯಾನೇಜರ್. ಗಂಡ ಸರ್ಕಾರಿ ಶಾಲೆಯ ಮೇಷ್ಟ್ರು. ನಾಲ್ಕನೇ ಕ್ಲಾಸಿನ ಮಗಳಿದ್ದಾಳೆ, ಅತ್ತೆ ಜೊತೆಗಿದ್ದಾರೆ. ತವರು ಅರಕಲಗೂಡು ಕಡೆ. ಅಪ್ಪ ತೀರಿಕೊಂಡಿದ್ದಾರೆ. ಅಣ್ಣ ಶುಂಠಿ, ಆಲೂಗಡ್ಡೆ ಬೆಳೆಯುತ್ತಾರೆ.

ಅವರು ಬಂದಿದ್ದು 2025ರ ಸೆಪ್ಟೆಂಬರಿನಲ್ಲಿ, ಗಣೇಶನ ಹಬ್ಬ ಮುಗಿದ ಮೇಲೆ. "ನಿದ್ದೆ ಬರ್ತಿಲ್ಲ ಮೇಡಂ. ಮುಂದೆ ದಸರಾ, ಹಾಸನಾಂಬ, ದೀಪಾವಳಿ ಅಂತ ನೆನೆಸಿಕೊಂಡ್ರೇ ಎದೆ ಹೊಡ್ಕೊಳ್ಳುತ್ತೆ" ಅಂದರು. ಬದುಕೇ ಬೇಡ ಅನ್ನಿಸುತ್ತಿದೆಯಾ ಅಂತ ನೇರವಾಗಿ ಕೇಳಿದೆ. ಇಂಥ ಮಾತನ್ನು ಸುತ್ತಿ ಬಳಸಿ ಕೇಳಬಾರದು. ಇಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಟ್ಟೆ. ನಡುರಾತ್ರಿಯಲ್ಲೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮನೆಯಲ್ಲಿ ಜಗಳ ಶುರುವಾಗಿದ್ದು ಕ್ರೆಡಿಟ್ ಕಾರ್ಡ್ ಬಿಲ್ಲಿನಿಂದ. 61,000 ರೂಪಾಯಿ. ಅದರ ಮೆಸೇಜ್ ಗಂಡನ ಕಣ್ಣಿಗೆ ಬಿದ್ದಿತ್ತು. ಸವಿತಾ ಅವರ ಸಂಬಳ 32,000. ಹಬ್ಬದ ಸೀಸನ್ನಿನಲ್ಲಿ ಗಾಡಿ ಜಾಸ್ತಿ ಹೋದರೆ ಇನ್ಸೆಂಟಿವ್ ಬರುತ್ತದೆ. ಆದರೆ ಅದು ಕೈಗೆ ಬರುವುದು ಮುಂದಿನ ತಿಂಗಳು, ಖರ್ಚು ಮಾತ್ರ ಹಬ್ಬಕ್ಕೆ ಮುಂಚೆ. ನಡುವಿನ ಕಂದಕಕ್ಕೆ ಪ್ರತಿ ವರ್ಷ ಕಾರ್ಡೇ ಸೇತುವೆ. ಆ ವರ್ಷ ಸೇತುವೆ ಕುಸಿಯಿತು. ಜಿಎಸ್‌ಟಿ ಇಳಿಯುತ್ತದೆ ಅಂತ ಆಗಸ್ಟ್ 15ರಂದೇ ಸುದ್ದಿ ಬಂತು. 350 ಸಿಸಿವರೆಗಿನ ಗಾಡಿಗೆ 28ರಿಂದ 18 ಪರ್ಸೆಂಟ್, ಜಾರಿಯಾಗಿದ್ದು ಸೆಪ್ಟೆಂಬರ್ 22ಕ್ಕೆ. ಇನ್ನೊಂದು ತಿಂಗಳು ತಡೆದರೆ ಸಾವಿರಾರು ರೂಪಾಯಿ ಉಳಿಯುತ್ತದೆ ಅಂದರೆ ಗಣೇಶನ ಹಬ್ಬಕ್ಕೆ ಯಾರು ಗಾಡಿ ತಗೊಳ್ಳುತ್ತಾರೆ? ಇನ್ಸೆಂಟಿವ್ ಹೆಚ್ಚೂಕಡಿಮೆ ಏನೂ ಬರಲಿಲ್ಲ.

ದುಡ್ಡಿನ ವಿಷಯ ಬಂದರೆ ನಾನು ಬಾಯಿಮಾತಿನ ಲೆಕ್ಕ ನಂಬುವುದಿಲ್ಲ. ಫೋನ್ ತೆಗೆದು ಯುಪಿಐ ಪಟ್ಟಿ ಓದಿ ಅಂದೆ. ಓದಿದರು. ನಾದಿನಿಗೆ ಸೀರೆ, ಅಣ್ಣನ ಮಕ್ಕಳಿಗೆ ಬಟ್ಟೆ, ಶೋರೂಮಿನ ಹುಡುಗರಿಗೆ ಸ್ವೀಟ್ ಬಾಕ್ಸ್. ಯಾರದೋ ಗೃಹಪ್ರವೇಶಕ್ಕೆ ಮುಯ್ಯಿ. ಮೂವತ್ತರ ಮೇಲೆ ಈ ಮುಯ್ಯಿಯ ಕಾಟ ಜಾಸ್ತಿ. ನಮ್ಮ ಮದುವೆಗೆ ಕೊಟ್ಟವರೆಲ್ಲ ಈಗ ಮನೆ ಕಟ್ಟುತ್ತಿರುತ್ತಾರೆ, ಇಲ್ಲ ಮಕ್ಕಳಿಗೆ ನಾಮಕರಣ ಇಟ್ಟುಕೊಂಡಿರುತ್ತಾರೆ. ಆಮೇಲೆ ಒಂದು ಸಾಲು ಬಂತು. ಗೌರಿ ಹಬ್ಬಕ್ಕೆ ವಾರ ಮುಂಚೆ ಅಣ್ಣನಿಗೆ 15,000.

"ಇದು ಯಾತಕ್ಕೆ?"

"ಅದು ಬಾಗಿನದ್ದು."

"ಬಾಗಿನ ಅಣ್ಣ ಅಲ್ವಾ ಕೊಡೋದು?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಿಧಾನವಾಗಿ ಹೇಳಿದರು.

ಅಪ್ಪ ಹೋದ ಮೇಲೆ ಪ್ರತಿ ಗೌರಿ ಹಬ್ಬಕ್ಕೂ ಅಣ್ಣ ಮೊರದ ಬಾಗಿನ, ರೇಷ್ಮೆ ಸೀರೆ, ಮೇಲೆ ಐದು ಸಾವಿರ ದುಡ್ಡು ತರುತ್ತಿದ್ದರು. ಅತ್ತೆ ಅದನ್ನು ಅಕ್ಕಪಕ್ಕದವರಿಗೆಲ್ಲ ತೋರಿಸುತ್ತಿದ್ದರು. 2023ರಲ್ಲಿ ಶುಂಠಿಗೆ ಯಾರೂ ಕಾಣದ ರೇಟು ಬಂತು. ಅದನ್ನು ನಂಬಿ ಅಣ್ಣ ಮುಂದಿನ ವರ್ಷಕ್ಕೆ ಬೇರೆಯವರ ಜಮೀನನ್ನೂ ಗುತ್ತಿಗೆಗೆ ಹಿಡಿದರು. ರೇಟು ಬಿತ್ತು, ಸಾಲ ಉಳಿಯಿತು. 2024ರ ಹಬ್ಬಕ್ಕೆ ಮುಂಚೆ ಫೋನ್ ಮಾಡಿ, "ಈ ಸಲ ಬರೋಕಾಗಲ್ಲ ಕಣಮ್ಮ, ಮುಂದಿನ ಸಲ ನೋಡೋಣ" ಅಂದರಂತೆ. ಇವರಿಗೆ ತಡೆಯಲಾಗಲಿಲ್ಲ. ದುಡ್ಡು ಕಳಿಸಿ, "ಯಾರಿಗೂ ಹೇಳ್ಬೇಡ ಅಣ್ಣ, ನೀನೇ ತಂದಂಗೆ ತಗೊಂಡ್ ಬಾ" ಅಂದರು. ಮುಂದಿನ ವರ್ಷವೂ ಹಾಗೇ ಆಯಿತು.

ಕೆಲಸ, ಮನೆ, ಹಬ್ಬ ಎಲ್ಲವನ್ನೂ ತೂಗಿಸಲಾಗುತ್ತಿಲ್ಲ ಅಂತ ಬಂದವರ ಒಳಗೆ ಇದು ಕೂತಿತ್ತು. ಬರೀ ಸುಸ್ತು ಆಗಿದ್ದರೆ ಟೈಮ್ ಟೇಬಲ್ ಹಾಕಿ ಕಳಿಸುತ್ತಿದ್ದೆ. ಗಂಡನ ಕಣ್ಣು ತಪ್ಪಿಸಿ ಬರೆದ ಲೆಕ್ಕಕ್ಕೆ ಟೈಮ್ ಟೇಬಲ್ ಏನು ಮಾಡೀತು?

ಮೊದಲು ಯಾರಿಗೆ ಹೇಳಬೇಕು ಅನ್ನುವುದೇ ದೊಡ್ಡ ಪ್ರಶ್ನೆಯಾಯಿತು. ನನ್ನ ಸಲಹೆ ಅಣ್ಣನಿಗೆ. ಗುಟ್ಟಿನಲ್ಲಿ ಅರ್ಧ ಮರ್ಯಾದೆ ಅವರದ್ದು. ಅವರಿಗೆ ತಿಳಿಸದೆ ಗಂಡನ ಮುಂದೆ ಬಿಚ್ಚಿದರೆ ಮುಂದೆ ಭಾವಮೈದುನರ ನಡುವೆ ಮುಖ ಕೊಟ್ಟು ಮಾತಾಡುವುದು ಕಷ್ಟ. ಗಂಡ-ಹೆಂಡತಿ ನಡುವೆ ಮುಚ್ಚುಮರೆ ಮೊದಲು ಹೋಗಬೇಕು ಅನ್ನುವ ಸಲಹೆಗಾರರೂ ಇದ್ದಾರೆ. ತಪ್ಪೇನಿಲ್ಲ. ಆದರೆ ಈ ಮನೆಗೆ ಆ ದಾರಿ ಸರಿ ಅನ್ನಿಸಲಿಲ್ಲ. ಅಲ್ಲಿಯವರೆಗೆ ಗಂಡನಿಗೆ ಇಷ್ಟು ಹೇಳಿ ಅಂದೆ: "ಒಂದು ವಿಷಯ ಮುಚ್ಚಿಟ್ಟಿದ್ದೀನಿ. ಅಮಾವಾಸ್ಯೆ ಆದ್ಮೇಲೆ ಎಲ್ಲ ಹೇಳ್ತೀನಿ ರೀ."

ಅಮಾವಾಸ್ಯೆ ಅಂದಿದ್ದಕ್ಕೆ ಕಾರಣವಿದೆ. ಪಿತೃಪಕ್ಷದಲ್ಲಿ ಜನ ಗಾಡಿ ತಗೊಳ್ಳುವುದಿಲ್ಲ. ಅದರ ಮೇಲೆ ಆ ವರ್ಷ ಜಿಎಸ್‌ಟಿಗೂ ಕಾಯುತ್ತಿದ್ದರು. ಶೋರೂಮಿನಲ್ಲಿ ನೊಣ ಹೊಡೆಯುವ ಕಾಲ. ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 21ರ ಭಾನುವಾರ ಬಿದ್ದಿತ್ತು. ಅಪ್ಪನಿಗೆ ಎಡೆ ಇಡಲು ಹೇಗೂ ತವರಿಗೆ ಹೋಗುವವರಿದ್ದರು. ಮಾರನೇ ದಿನದಿಂದ ಆಯುಧಪೂಜೆವರೆಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ದೀಪಾವಳಿ ಆದ ಮೇಲೆ ಎರಡು ದಿನ ರಜೆ ಬೇಕು ಅಂತ ಮಾಲೀಕರಿಗೆ ಈಗಲೇ ಬರೆದುಕೊಡಿ ಅಂತಲೂ ಹೇಳಿದೆ. ಬಿಸಿನೆಸ್ ತಣ್ಣಗಿರುವಾಗ ಕೇಳಿದ ರಜೆಗೆ ಬೆಲೆ ಜಾಸ್ತಿ. ಒಂದು ದಿನ ಸಿಕ್ಕಿತು.

ಅಣ್ಣನ ಹತ್ತಿರ ಆಡುವ ಮಾತನ್ನು ಇಲ್ಲೇ ಆಡಿ ನೋಡಿದೆವು. ಮೊದಲ ಸಲ "ನನಗೆ ತುಂಬಾ ಕಷ್ಟ ಆಗ್ತಿದೆ ಅಣ್ಣ" ಅಂತ ಶುರು ಮಾಡಿದರು. ಹಾಗಂದರೆ ಅವರು ಇನ್ನೊಂದು ಸಾಲ ಮಾಡಿ ನಿಮ್ಮ ದುಡ್ಡು ವಾಪಸ್ ಕೊಡುತ್ತಾರೆ ಅಂದೆ. ಕೊನೆಗೆ ಗಟ್ಟಿ ಮಾಡಿಕೊಂಡ ಮಾತು ಇದು: "ಮುಂದಿನ ವರ್ಷದಿಂದ ನಾನು ದುಡ್ಡು ಕಳಿಸಲ್ಲ. ನೀನು ಬರೋದು ಮಾತ್ರ ತಪ್ಪಿಸಬಾರದು. ಮನೇಲಿರೋ ಅಕ್ಕಿ, ಬೆಲ್ಲ, ಕಾಯಿ ಮೊರಕ್ಕೆ ಹಾಕ್ಕೊಂಡ್ ಬಾ."

ಅಮಾವಾಸ್ಯೆಗೆ ತವರಿಗೆ ಹೋಗಿ ಹಾಗೇ ಹೇಳಿದರು. ಅಣ್ಣನಿಗೆ ಸಿಟ್ಟು ಬಂತು. "ಬೇಡ ಅಂದ್ರೂ ಕಳಿಸಿದ್ದು ನೀನು" ಅಂತ ಎದ್ದು ತೋಟಕ್ಕೆ ಹೋಗಿಬಿಟ್ಟರು. ಆಮೇಲೆ ಮಾತಾಡಿದ್ದು ಅತ್ತಿಗೆ. ಅವರು ಹೇಳಿದ್ದು ನಾನೂ ಊಹಿಸದ ಮಾತು. ಜಮೀನು ಇನ್ನೂ ಅಪ್ಪನ ಹೆಸರಲ್ಲೇ ಇದೆ, ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಆಗಿಲ್ಲ. ತಂಗಿ ಒಂದು ದಿನ ಭಾಗ ಕೇಳುತ್ತಾಳೆ ಅನ್ನುವ ಹೆದರಿಕೆ ಅಣ್ಣನಿಗೆ ಮೊದಲಿನಿಂದ ಇತ್ತಂತೆ. ರೇಷ್ಮೆ ಸೀರೆ ಶುರುವಾಗಿದ್ದು ಅಪ್ಪ ಹೋದ ಮೇಲೇ.

ಗೌರಿ ಹಬ್ಬದ ಬಾಗಿನವನ್ನೇ ಆಸ್ತಿಯ ಪಾಲು ಅಂತ ತಿಳಿದುಕೊಂಡ ಮನೆಗಳನ್ನು ನಮ್ಮ ಕಡೆ ನಾನು ಸಾಕಷ್ಟು ನೋಡಿದ್ದೇನೆ. ಕೊಡುವವರಿಗೂ ಹಾಗೇ ಅನ್ನಿಸಿರುತ್ತದೆ, ತಗೊಳ್ಳುವವರಿಗೂ. ಆದರೆ ಕಾನೂನು ಬೇರೆಯೇ ಹೇಳುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಸವಿತಾ ಆ ವಾರವೇ ಹಕ್ಕು ಬಿಟ್ಟುಕೊಡಲು ತಯಾರಾಗಿದ್ದರು. "ಅಣ್ಣನಿಗೆ ನೆಮ್ಮದಿ ಆದ್ರೆ ಸಾಕು ಮೇಡಂ." ಬಿಡುವುದು, ಉಳಿಸಿಕೊಳ್ಳುವುದು ನಿಮ್ಮಿಷ್ಟ, ಆದರೆ ಹಬ್ಬದ ಸೀಸನ್ನಿನಲ್ಲಿ ಯಾವ ಪತ್ರಕ್ಕೂ ಸಹಿ ಹಾಕಬೇಡಿ ಅಂದೆ. ಮೊದಲು ವಕೀಲರನ್ನು ಕೇಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ಕಾನೂನು ನೆರವು ಸಿಗುತ್ತದೆ. ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ.

ಗಂಡನನ್ನೂ ಕರೆಸಿದೆ. ಜಾತಿ ಸಮೀಕ್ಷೆಗೆ ಹಾಕಿದ್ದರಿಂದ ದಸರಾ ರಜೆಯೆಲ್ಲ ಊರವರ ಮನೆ ಬಾಗಿಲು ತಟ್ಟುವುದರಲ್ಲೇ ಕಳೆದುಹೋಗಿತ್ತು, ಮುಖ ಬಾಡಿತ್ತು. "ದುಡ್ಡಿಗೆ ಬೇಜಾರಿಲ್ಲ. ನನ್ನ ಮುಂದೆ ನಾಟಕ ಆಡಿದ್ರಲ್ಲ. ಏನ್ ಚೆನ್ನಾಗಿದೆ ಸೀರೆ ಅಂತ ನಾನೂ ಹೊಗಳ್ದೆ" ಅಂದರು. ನಿಮ್ಮ ತಂಗಿಗೆ ನೀವು ಗೌರಿ ಹಬ್ಬಕ್ಕೆ ಏನು ಕೊಡುತ್ತೀರಿ ಅಂತ ಕೇಳಿದೆ. ಹತ್ತು ಸಾವಿರ. ಹೆಂಡತಿಯನ್ನು ಕೇಳಿದ್ದೀರಾ? ಇಲ್ಲ. ನಕ್ಕುಬಿಟ್ಟರು. ಅಲ್ಲಿಂದ ಮಾತು ಸಲೀಸಾಯಿತು.

ಸಾಲದ ವಿಷಯದಲ್ಲಿ ನಾನು ತಜ್ಞೆ ಅಲ್ಲ, ಆದರೂ ಇಷ್ಟು ಗೊತ್ತಿದೆ. ಕಾರ್ಡಿನ ಬಡ್ಡಿ ತಿಂಗಳಿಗೆ ಸುಮಾರು ಮೂರೂವರೆ ಪರ್ಸೆಂಟ್. ಸವಿತಾ ಕಟ್ಟುತ್ತಿದ್ದ ಮೂರು ಸಾವಿರದ ಮಿನಿಮಮ್ ಡ್ಯೂನಲ್ಲಿ, ಅಂದರೆ ತಿಂಗಳಿಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತದಲ್ಲಿ, ಎರಡೂವರೆ ಸಾವಿರ ಬಡ್ಡಿಗೆ ಮತ್ತು ಬಡ್ಡಿಯ ಮೇಲಿನ ಜಿಎಸ್‌ಟಿಗೇ ಹೋಗುತ್ತಿತ್ತು. ಬಾಕಿ ಉಳಿಸಿಕೊಂಡರೆ ಹೊಸದಾಗಿ ಕೊಂಡಿದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿ. ಬೀರುವಿನಲ್ಲಿ ಸುಮ್ನೆ ಇದ್ದ ಬಳೆ ಬ್ಯಾಂಕಿನಲ್ಲಿಟ್ಟು ಕಾರ್ಡ್ ತೀರಿಸಿದರು. ಚಿನ್ನದ ಸಾಲದ ಬಡ್ಡಿ ಅದರ ಕಾಲು ಭಾಗದ ಆಸುಪಾಸು.

ಹಾಸನಾಂಬೆಯ ಕಥೆಯೇ ಬೇರೆ. ಹಾಸನದಲ್ಲಿ ಮನೆ ಇದ್ದವರಿಗೇ ಗೊತ್ತು ಆ ಕಷ್ಟ. ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ದೇವಿ, ಆ ವರ್ಷ ಅಕ್ಟೋಬರ್ 9ಕ್ಕೆ ತೆಗೆದರು. ದೀಪಾವಳಿವರೆಗೆ ದಿನಾ ಯಾರಾದರೂ ನೆಂಟರು ಬಂದೇ ಬರುತ್ತಾರೆ. ಹೊರಡುವಾಗ ಬರಿಗೈಲಿ ಕಳಿಸುವ ಹಾಗಿಲ್ಲ. ಹಿಂದಿನ ವರ್ಷ ಒಬ್ಬೊಬ್ಬರಿಗೆ ಒಂದೊಂದು ಥರ ಸೀರೆ ಕೊಟ್ಟಿದ್ದರು. ಈ ಸಲ ಯಾರೇ ಬಂದರೂ ಅರಿಶಿನ ಕುಂಕುಮ, ರವಿಕೆ ಕಣ, ಒಂದು ಕಾಯಿ, ಅಷ್ಟೇ ಅಂತ ಮನೆಯವರೆಲ್ಲ ಒಪ್ಪಿಕೊಂಡರು. ಚಿಕ್ಕಮ್ಮನ ಮಗಳೊಬ್ಬಳು ಮುಖ ಊದಿಸಿಕೊಂಡು ಹೋದಳಂತೆ. ಹೋಗಲಿ ಬಿಡಿ.

ಮಗಳಿಗೆ ಹಿಂದಿನ ವರ್ಷದ ದೀಪಾವಳಿಯಲ್ಲಿ ಟ್ಯಾಬ್ ಕೊಡಿಸಿದ್ದರು, ಹಬ್ಬದ ದಿನವೂ ರಾತ್ರಿ ಹತ್ತಕ್ಕೆ ಮನೆಗೆ ಬಂದ ತಪ್ಪಿಗೆ. ಈ ಸಲ ಏನೂ ಕೊಡಿಸಲಿಲ್ಲ. ಸಿಕ್ಕಿದ ಒಂದು ದಿನದ ರಜೆಯಲ್ಲಿ ಅಮ್ಮ-ಮಗಳು ಮಧ್ಯಾಹ್ನದವರೆಗೆ ಮಲಗಿದ್ದರಂತೆ.

ಇನ್ಸೆಂಟಿವ್ ಬಂದ ತಿಂಗಳಿಂದ ಬ್ಯಾಂಕಿನಲ್ಲಿ ತಿಂಗಳಿಗೆ 4,000 ಕಟ್ಟುವ ಆರ್‌ಡಿ ಶುರುವಾಗಿದೆ, ಹಬ್ಬಕ್ಕೆ ಅಂತಲೇ. ಒಂದು ತಿಂಗಳು ಆಗಲೇ ತಪ್ಪಿದೆ. ಅಣ್ಣ ದೀಪಾವಳಿಗೆ ಫೋನ್ ಮಾಡಿ ಮಾತಾಡಿದ್ದಾರೆ, ಬಾಗಿನದ ಸುದ್ದಿ ಎತ್ತಿಲ್ಲ. ಪೌತಿ ಖಾತೆಗೆ ಅರ್ಜಿ ಕೊಡೋಣ ಅಂದಿದ್ದಾರೆ.

ಅತ್ತೆಗೆ ಇನ್ನೂ ಏನೂ ಗೊತ್ತಿಲ್ಲ. ಮುಂದಿನ ಗೌರಿ ಹಬ್ಬಕ್ಕೆ "ಈ ಸಲ ರೇಷ್ಮೆ ಇಲ್ವಾ?" ಅಂತ ಅವರು ಕೇಳೇ ಕೇಳುತ್ತಾರೆ. ಗಂಡ ತಾವೇ ಮುಂದೆ ಬಂದರು: "ನಾನೇ ಬೇಡ ಅಂದೆ ಅಂತ ಅಮ್ಮನಿಗೆ ಹೇಳ್ತೀನಿ ಬಿಡಿ ಮೇಡಂ." ಅದೂ ಇನ್ನೊಂದು ನಾಟಕ ಅಲ್ವಾ ಅಂದೆ. ಈ ಬಗ್ಗೆ ಮೂವರೂ ಇನ್ನೂ ವಾದ ಮಾಡುತ್ತಿದ್ದೇವೆ.