ಲೇಸರ್ ತಾಮ್ರವನ್ನು ಮುಟ್ಟೋದಿಲ್ವಾ?

ಪ್ರಶ್ನೆ: ಗೋಕುಲ ರಸ್ತೆಯಲ್ಲಿ ನಮ್ಮದೊಂದು ಸಣ್ಣ ವೈರಿಂಗ್ ಹಾರ್ನೆಸ್ (ಯಂತ್ರಗಳಿಗೆ ಬೇಕಾದ ವೈರ್‌ಗಳನ್ನು ಕತ್ತರಿಸಿ, ಸುಲಿದು, ಕಟ್ಟು ಮಾಡಿ ಕೊಡುವ) ಘಟಕ ಇದೆ. ಹನ್ನೊಂದು ಜನ ಕೆಲಸಕ್ಕಿದ್ದಾರೆ. ಹೊಸ ಗಿರಾಕಿಯೊಬ್ಬರು ‘ವೈರ್ ಸುಲಿದ ಮೇಲೆ ಒಳಗಿನ ಎಳೆಗಳ ಮೇಲೆ ಒಂದು ಗೀರೂ ಇರಬಾರದು’ ಎನ್ನುತ್ತಿದ್ದಾರೆ. ಅದಕ್ಕೆ ಲೇಸರ್ ಯಂತ್ರವೇ ಸರಿ, ಅದು ಪ್ಲಾಸ್ಟಿಕ್ ಸುಡುತ್ತದೆ, ತಾಮ್ರ ಮುಟ್ಟೋದಿಲ್ಲ ಅಂತ ಯಂತ್ರ ಮಾರುವವರ ಮಾತು. ನಿಜವೇ? ಸಾಲ ಮಾಡಿ ತಗೋಬಹುದಾ?
– ಓದುಗರು, ಹುಬ್ಬಳ್ಳಿ

ಉತ್ತರ: ಮಾತು ನಿಜ. ಆದರೆ ಎಲ್ಲ ಲೇಸರ್‌ಗೂ ಅದು ಹೊಂದೋದಿಲ್ಲ. ಕಾರ್ಬನ್ ಡೈಆಕ್ಸೈಡ್ ಲೇಸರ್ ಅಂತ ಒಂದಿದೆ, ಅದರ ಬೆಳಕಿನ ತರಂಗದ ಉದ್ದ 10.6 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು), ಕಣ್ಣಿಗೆ ಕಾಣೋದಿಲ್ಲ. ವೈರಿನ ಸಿಪ್ಪೆಗೆ ಬಳಸುವ ಪಿವಿಸಿ, ಟೆಫ್ಲಾನ್, ನೈಲಾನ್ ಇಂಥವೆಲ್ಲ ಈ ಬೆಳಕನ್ನು ಕುಡಿದುಬಿಡುತ್ತವೆ, ಬಿಸಿಯಾಗಿ ಆವಿಯಾಗಿ ಹೋಗುತ್ತವೆ. ತಾಮ್ರ ಮಾತ್ರ ಅದೇ ಬೆಳಕಿನ ನೂರರಲ್ಲಿ 98 ಪಾಲನ್ನು ಕನ್ನಡಿ ಹಾಗೆ ವಾಪಸ್ ಕಳಿಸುತ್ತದೆ. ಹಾಗಾಗಿ ಸಿಪ್ಪೆ ಸುಟ್ಟು ತಾಮ್ರ ಸಿಕ್ಕ ಕೂಡಲೇ ಲೇಸರ್‌ನ ಆಟ ತಾನಾಗಿಯೇ ನಿಲ್ಲುತ್ತದೆ. ವೈರಿನ ಬಣ್ಣ ಕೆಂಪಿರಲಿ ಬಿಳಿಯಿರಲಿ, ಇದಕ್ಕೆ ವ್ಯತ್ಯಾಸವಿಲ್ಲ. 1970ರ ದಶಕದಲ್ಲಿ ಅಮೆರಿಕದ ನಾಸಾದವರು ಸ್ಪೇಸ್ ಷಟಲ್‌ನ ವೈರ್‌ಗಳಿಗಾಗಿ ಈ ದಾರಿ ಹಿಡಿದದ್ದೇ ಬ್ಲೇಡಿನ ಗೀರಿಗೆ ಹೆದರಿ.

ಫೈಬರ್ ಲೇಸರ್ ಬೇರೆ. ಅದರದ್ದು ಸುಮಾರು 1 ಮೈಕ್ರಾನ್. ಅದು ಲೋಹವನ್ನೂ ಕತ್ತರಿಸುತ್ತದೆ. ಕೇಬಲ್ ಒಳಗಿನ ಶೀಲ್ಡ್ ಹೆಣಿಗೆ (ವೈರ್‌ಗಳ ಸುತ್ತ ಇರುವ ಲೋಹದ ಬಲೆ), ಅಲ್ಯೂಮಿನಿಯಂ ಹಾಳೆ ಕತ್ತರಿಸೋದಕ್ಕೆ ಅದೇ ಬೇಕು. ಆದ್ದರಿಂದ ಮಾರುವವರನ್ನು ಮೊದಲು ಕೇಳಬೇಕಾದ್ದು ಬೆಲೆ ಅಲ್ಲ, ಯಾವ ಲೇಸರ್ ಅಂತ.

ಗೀರಿನ ವಿಷಯ ನಾನು ಹಗುರವಾಗಿ ತೆಗೆದುಕೊಳ್ಳೋದಿಲ್ಲ. ಹಿಂದೆ ನಾನು ಒಂದು ಕಂಟ್ರೋಲ್ ಪ್ಯಾನೆಲ್ ಘಟಕದಲ್ಲಿದ್ದಾಗ ಮೆಣಸಿನಕಾಯಿ ಪುಡಿ ಮಾಡುವ ಯಂತ್ರಕ್ಕೆ ನಾವು ಕಳಿಸಿದ್ದ ಪ್ಯಾನೆಲ್ ಐದೇ ತಿಂಗಳಿಗೆ ವಾಪಸ್ ಬಂತು. ಯಂತ್ರ ನಡುನಡುವೆ ನಿಲ್ಲುತ್ತದೆ, ಯಾಕೆ ಅಂತ ಯಾರಿಗೂ ತಿಳಿಯದು. ಎರಡು ದಿನ ಹುಡುಕಿದೆವು. ಕೊನೆಗೆ ಸೆನ್ಸರ್‌ನ 0.5 ಚದರ ಮಿಲಿಮೀಟರ್ ವೈರ್ ಒಂದನ್ನು ಸುಮ್ನೆ ಎಳೆದೆ, ಲಗ್‌ನಿಂದ (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ಕೈಗೇ ಬಂತು. ಅದರಲ್ಲಿ 0.2 ಮಿಲಿಮೀಟರ್‌ನ 16 ಎಳೆ ಇರಬೇಕು. ವಾಚ್ ರಿಪೇರಿಯವರ ಕಣ್ಣುಗಾಜು ಇಟ್ಟು ನೋಡಿದರೆ ಎಳೆಗಳೆಲ್ಲ ಒಂದೇ ಸಾಲಿನಲ್ಲಿ ತುಂಡಾಗಿದ್ದವು, ಮೂರೇ ಮೂರು ಹಿಡಿದುಕೊಂಡಿದ್ದವು, ಅವುಗಳ ಮೇಲೂ ಉಗುರು ಒತ್ತಿದ ಹಾಗೆ ಗುರುತು. ಮೊಂಡು ಬ್ಲೇಡಿನ ಕೆಲಸ. ನಮ್ಮಲ್ಲಿಂದ ಹೊರಟ ದಿನ ಆ ವೈರ್ ಟೆಸ್ಟ್‌ನಲ್ಲಿ ಪಾಸಾಗಿತ್ತು! ಯಂತ್ರ ಅದುರಿ ಅದುರಿ, ಗೀರು ಬಿದ್ದ ಜಾಗದಲ್ಲೇ ಎಳೆಗಳು ಒಂದೊಂದಾಗಿ ಹೋಗಿದ್ದವು. ಗೀರು ಅಂದರೆ ಇದೇ, ಅವತ್ತು ಏನೂ ಆಗೋದಿಲ್ಲ.

ಈಗ ಸಾಲದ ಮಾತು. ನೀವು ಸುಲಿಯೋದು ಮಾಮೂಲಿ ಪಿವಿಸಿ ವೈರ್ ಆಗಿದ್ದರೆ ಸದ್ಯಕ್ಕೆ ಬೇಡ ಅಂತಲೇ ಹೇಳುತ್ತೇನೆ. ವೈರಿನ ಅಳತೆಗೆ ಸರಿಯಾದ ಬ್ಲೇಡ್ ಹಾಕಿ, ಮೊಂಡಾಗುವ ಮುಂಚೆಯೇ ಬದಲಿಸಿ. ಪ್ರತಿ ಬ್ಯಾಚ್‌ನಲ್ಲಿ ಐದಾರು ತುದಿ ತೆಗೆದು, ಎಳೆ ಬಿಡಿಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಗಾಜಿನಲ್ಲಿ ಎಣಿಸಿ, ಬರೆದಿಡಿ. ಆ ಪುಸ್ತಕವನ್ನೇ ಗಿರಾಕಿಗೆ ತೋರಿಸಿ. ಅದಾದ ಮೇಲೂ ಗೀರು ನಿಲ್ಲದಿದ್ದರೆ, ಅಥವಾ ಕೂದಲೆಳೆಯಂಥ ವೈರ್, ತೆಳು ಟೆಫ್ಲಾನ್ ವೈರ್, ವೈದ್ಯಕೀಯ ಉಪಕರಣದ ಕೇಬಲ್ ಆರ್ಡರ್ ಬರುತ್ತಿದ್ದರೆ ಆಗ ಲೇಸರ್ ತನ್ನ ದುಡ್ಡು ತಾನೇ ತೀರಿಸುತ್ತದೆ. ತಗೊಳ್ಳುವ ಮುಂಚೆ ನಿಮ್ಮದೇ ವೈರ್ ಒಯ್ದು ಸುಲಿಸಿ ನೋಡಿ. ಕಾರ್ಬನ್ ಡೈಆಕ್ಸೈಡ್ ಲೇಸರ್ ತಾಮ್ರದ ಮೇಲೆ ಬಹಳ ತೆಳುವಾದ ಪೊರೆ ಉಳಿಸಿಬಿಡಬಹುದು, ಸೋಲ್ಡರ್ ಹಾಕಿದರೆ ಹಿಡಿಯೋದಿಲ್ಲ. ಅದಕ್ಕೇ ಅಲ್ಲೇ ಸೋಲ್ಡರ್ ಹಾಕಿಸಿ ನೋಡಿ, ನಾಚಿಕೆ ಬೇಡ.

ಹೊಗೆ ಹೊರಗೆ ಹಾಕುವ ಯಂತ್ರದ ಖರ್ಚನ್ನೂ ಸಾಲದ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಯಾಕೆ ಅಂತ ಕೊನೆಯ ಪತ್ರದಲ್ಲಿದೆ.

ಪ್ರಶ್ನೆ: ಹಾವೇರಿಯಲ್ಲಿ ನಾನು ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುತ್ತೇನೆ. ಎನಾಮೆಲ್ ವೈರಿನ (ತಾಮ್ರದ ಮೇಲೆ ತೆಳು ವಾರ್ನಿಷ್‌ನಂಥ ಲೇಪ ಇರುವ ವೈರ್) ತುದಿ ಕೆರೆದು ಕೆರೆದು ಬೆರಳು ನೋಯುತ್ತದೆ. ಮರದ ಮೇಲೆ ಹೆಸರು ಕೊರೆಯುವ ಸಣ್ಣ ಲೇಸರ್ ಆನ್‌ಲೈನ್‌ನಲ್ಲಿ ಕಡಿಮೆಗೆ ಸಿಗುತ್ತದೆ. ಅದರಲ್ಲಿ ಈ ಕೆಲಸ ಆಗುತ್ತಾ?
– ಓದುಗರು, ಹಾವೇರಿ

ಉತ್ತರ: ದಯವಿಟ್ಟು ಬೇಡ ತಮ್ಮಾ. ಆ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರೋದು ನೀಲಿ ಬೆಳಕು, ಸುಮಾರು 450 ನ್ಯಾನೋಮೀಟರ್, ಅಂದರೆ 0.45 ಮೈಕ್ರಾನ್. ಮೇಲೆ ಹೇಳಿದ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ನೀಲಿ ಬೆಳಕಿನ ಹೆಚ್ಚುಕಡಿಮೆ ಅರ್ಧವನ್ನು ತಾಮ್ರವೇ ಹೀರಿಕೊಳ್ಳುತ್ತದೆ, ಹಾಗಾಗಿ ಅದು ತಾನಾಗಿ ನಿಲ್ಲುವ ಕೆಲಸವಲ್ಲ. ಉಳಿದರ್ಧ ಹೊಳೆಯುವ ತಾಮ್ರದ ಮೇಲಿಂದ ಎತ್ತ ಬೇಕಾದರೂ ಚಿಮ್ಮುತ್ತದೆ. ಕಣ್ಣೊಳಗೆ ಹೋದರೆ ನೇರ ಹಿಂಭಾಗದ ರೆಟಿನಾಕ್ಕೆ ಹೋಗುತ್ತದೆ, ಅಲ್ಲಿ ಸುಟ್ಟರೆ ನೋವೂ ಗೊತ್ತಾಗೋದಿಲ್ಲ, ಹೋದ ದೃಷ್ಟಿ ವಾಪಸ್ ಬರೋದೂ ಇಲ್ಲ. ನಿಮ್ಮ ಕಸುಬೆಲ್ಲ ಕಣ್ಣಿನ ಮೇಲೇ ನಿಂತಿದೆ ಅಲ್ವಾ?

ಎಲೆಕ್ಟ್ರಿಕ್ ವಾಹನದ ಮೋಟರ್ ಮಾಡುವ ದೊಡ್ಡ ಕಾರ್ಖಾನೆಗಳಲ್ಲಿ ಎನಾಮೆಲ್ ತೆಗೆಯಲು ಲೇಸರ್ ಇದೆ, ನಿಜ. ಅವು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ನಡೆಯುತ್ತವೆ. ನಿಮಗೆ ಬೇಕಾದದ್ದು ಕೈಯಲ್ಲಿ ಹಿಡಿಯುವ, ಮೋಟರ್ ಇರುವ ಎನಾಮೆಲ್ ಸ್ಟ್ರಿಪ್ಪರ್. ಅದರ ತುದಿಯಲ್ಲಿ ಸಣ್ಣ ಬ್ಲೇಡ್‌ಗಳು ತಿರುಗುತ್ತವೆ, ವೈರಿನ ತುದಿ ಒಳಗಿಟ್ಟರೆ ಸುತ್ತಲೂ ಕೆರೆದುಕೊಡುತ್ತದೆ. ವೈರಿನ ದಪ್ಪಕ್ಕೆ ಸರಿಯಾಗಿ ಹೊಂದಿಸಿಕೊಳ್ಳಿ, ಬಿಗಿಯಾದರೆ ಅದೂ ತಾಮ್ರ ತಿನ್ನುತ್ತದೆ. ಸಬ್‌ಮರ್ಸಿಬಲ್ ಮೋಟರಿನ ಪ್ಲಾಸ್ಟಿಕ್ ಪಟ್ಟಿ ಸುತ್ತಿದ ವೈರ್‌ಗೆ ಇದೂ ಬೇಡ, ಈಗ ಮಾಡುವ ಹಾಗೆ ಚಾಕುವಿನಲ್ಲೇ ಬಿಡಿಸಿ.

ಪ್ರಶ್ನೆ: ನನ್ನ ಮಗಳು ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ಲೇಸರ್‌ನಿಂದ ವೈರ್ ಸುಲಿಯುವ ಯಂತ್ರದ ಮುಂದೆ ಕೂರುತ್ತಾಳೆ. ಸಂಜೆ ಬಂದರೆ ಗಂಟಲು ಉರಿ, ಬಟ್ಟೆಯೆಲ್ಲ ಘಾಟು. ಲೇಸರ್ ಕಿರಣ ಮೈಗೆ ಹೊಕ್ಕಿದೆಯೇ ಅಂತ ಭಯ.
– ತಾಯಿಯೊಬ್ಬರು, ಧಾರವಾಡ

ಉತ್ತರ: ಅಕ್ಕಾ, ಈ ಕಿರಣ ಎಕ್ಸ್-ರೇ ಹಾಗೆ ಮೈಯೊಳಗೆ ತೂರಿ ಹೋಗೋದಿಲ್ಲ, ಹೊಕ್ಕು ಉಳಿಯೋದೂ ಇಲ್ಲ. ಆ ಭಯ ಬಿಡಿ. ಆದರೆ ಗಂಟಲು ಉರಿಯನ್ನು ಮಾತ್ರ ಬಿಡಬೇಡಿ. ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಗಂಟಲಿನ ಪಸೆ ತಾಗಿದರೆ ಆಸಿಡ್ ಆಗುತ್ತದೆ. ಟೆಫ್ಲಾನ್ ಸುಟ್ಟರೆ ಬರೋದು ಇನ್ನೂ ಕೆಟ್ಟದ್ದು. ಕಿಟಕಿಗೆ ಫ್ಯಾನ್ ಹಾಕಿದರೆ ಸಾಲದು. ಸುಡುವ ಜಾಗದಲ್ಲೇ ಹೊಗೆ ಎಳೆದುಕೊಂಡು ಫಿಲ್ಟರ್‌ಗೆ ಕಳಿಸುವ ಪೈಪ್ ಇರಬೇಕು, ಫಿಲ್ಟರ್ ಕಾಲಕಾಲಕ್ಕೆ ಬದಲಾಗಬೇಕು. ಘಾಟು ಬರುತ್ತಿದೆ ಅಂದರೆ ಆ ಪೈಪ್ ಇಲ್ಲ, ಅಥವಾ ಫಿಲ್ಟರ್ ತುಂಬಿಹೋಗಿದೆ. ಮಾಲೀಕರಿಗೆ ಇನ್ನೊಂದು ಮಾತು ಹೇಳಲು ಹೇಳಿ, ಅದೇ ಆಸಿಡ್ ಅವರ ಯಂತ್ರದ ಕನ್ನಡಿ, ಲೆನ್ಸನ್ನೂ ತಿನ್ನುತ್ತದೆ. ಮಗಳನ್ನು ಈ ವಾರವೇ ಡಾಕ್ಟರ್‌ಗೆ ತೋರಿಸಿ, ಏನು ಕೆಲಸ, ಯಾವ ವೈರ್ ಅಂತ ಬಿಡಿಸಿ ಹೇಳಿ.

ಕಣ್ಣಿನ ಬಗ್ಗೆಯೂ ಕೇಳಿ. ಯಂತ್ರದ ಮುಚ್ಚಳ ತೆಗೆದರೆ ಲೇಸರ್ ತಾನೇ ಆರಬೇಕು, ಅದಕ್ಕೊಂದು ಸ್ವಿಚ್ ಇರುತ್ತದೆ. ಕೆಲಸ ಬೇಗ ಆಗಲಿ ಅಂತ ಕೆಲವು ಕಡೆ ಅದಕ್ಕೆ ಟೇಪ್ ಸುತ್ತಿ ಒತ್ತಿಟ್ಟಿರುತ್ತಾರೆ. ಕನ್ನಡಕ ಕೊಟ್ಟಿದ್ದರೆ ಅದರ ಮೇಲೆ ಯಾವ ತರಂಗಕ್ಕೆ ಅಂತ ಬರೆದಿರಬೇಕು, ಕಾರ್ಬನ್ ಡೈಆಕ್ಸೈಡ್ ಲೇಸರ್‌ಗೆ 10600 ನ್ಯಾನೋಮೀಟರ್ (10.6 ಮೈಕ್ರಾನ್ ಅಂದರೂ ಅದೇ), ಫೈಬರ್ ಲೇಸರ್‌ಗೆ 1064. ಒಂದಕ್ಕೆ ಕೊಟ್ಟದ್ದು ಇನ್ನೊಂದಕ್ಕೆ ಆಗೋದಿಲ್ಲ. ನಾಳೆ ಕೆಲಸಕ್ಕೆ ಹೋದಾಗ ಆ ಅಂಕಿ ಓದಿಕೊಂಡು, ಯಂತ್ರದ ಮೇಲಿನ ಹಳದಿ ಚೀಟಿಯ ಅಂಕಿಗೆ ಹೋಲಿಸಿ ನೋಡಲಿ. ಎರಡೂ ಬೇರೆ ಇದ್ದರೆ ಸರಿಯಾದ ಕನ್ನಡಕ ಬರುವ ತನಕ ಅವಳು ಆ ಯಂತ್ರದ ಮುಂದೆ ಕೂರಬಾರದು.