ಪಂಚಗಂಗಾ ಘಾಟಿನ ಮಸೀದಿ: ನಿಮ್ಮ ಲೇಖನದ ಬಗ್ಗೆ

ಪ್ರಿಯರೇ,

ಬನಾರಸಿನ ಪಂಚಗಂಗಾ ಘಾಟಿನ ಔರಂಗಜೇಬನ ಮಸೀದಿಯನ್ನು ಯುರೋಪಿನ ಪ್ರವಾಸಿಗರು ಹೇಗೆ ಕಂಡರು ಎಂಬ ನಿಮ್ಮ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ವಿಷಯವೂ ಅಪರೂಪದ್ದು. ಆದರೆ ಮೂರು ವಾಕ್ಯಗಳು ನನ್ನನ್ನು ಬಹಳ ಕಾಡಿದವು.

‘ಟಾವೆರ್ನಿಯೆ ಈ ಮಿನಾರುಗಳನ್ನು ಕಂಡು ಬೆರಗಾದ.’ ಈ ಫ್ರೆಂಚ್ ಪ್ರವಾಸಿ ಬನಾರಸಿಗೆ ಬಂದದ್ದು 1665ರಲ್ಲಿ. ಆಗ ಆ ಜಾಗದಲ್ಲಿ ಇದ್ದದ್ದು ಬಿಂದುಮಾಧವ ದೇವಾಲಯ, ಆತ ವರ್ಣಿಸಿರುವುದೂ ಅದನ್ನೇ. ಮಸೀದಿ ಎದ್ದದ್ದು ಆಮೇಲೆ. ಈ ವಾಕ್ಯ ಇದ್ದರೆ ದೇವಾಲಯ ಕಂಡವನ ಸಾಕ್ಷ್ಯವೇ ಅಳಿಸಿಹೋಗುತ್ತದೆ.

‘ಇಂದಿಗೂ ಗಂಗೆಯಲ್ಲಿ ಮಿನಾರುಗಳ ನೆರಳು ತೂಗುತ್ತದೆ.’ ಇಲ್ಲ. ಆ ಎತ್ತರದ ಮಿನಾರುಗಳು 20ನೇ ಶತಮಾನದಲ್ಲೇ ಹೋದವು.

‘ಹಾಡ್ಜಸ್ ಕಂಡದ್ದನ್ನು ಕಂಡಂತೆ ಚಿತ್ರಿಸಿದ.’ ನನಗೆ ಹೆಚ್ಚು ಬೇಸರ ತಂದದ್ದು ಇದು. ಇಂಗ್ಲಿಷ್ ಚಿತ್ರಕಾರ ಹಾಡ್ಜಸ್ 1781ರ ಆಗಸ್ಟಿನಲ್ಲಿ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಜೊತೆ ಅಲ್ಲಿಗೆ ಬಂದ. ಅವನ ಭಾರತದ ದೃಶ್ಯಗಳು ಲಂಡನ್ನಿನಲ್ಲಿ ಅಚ್ಚಾಗತೊಡಗಿದ್ದು 1785ರಿಂದ. ಅವು ತಾಮ್ರದ ತಗಡಿನಿಂದ ತೆಗೆದ ಅಚ್ಚುಗಳು, ಅಂದರೆ ಅಕ್ವಾಟಿಂಟ್‌ಗಳು. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕಾಯಿಸಿ ಅಂಟಿಸಿ, ಆಮ್ಲದಲ್ಲಿ ಅದ್ದುತ್ತಾರೆ. ತಿಳಿಯಾಗಿರಬೇಕಾದ ಭಾಗಕ್ಕೆ ವಾರ್ನಿಷ್ ಬಳಿದು ಮತ್ತೆ ಅದ್ದುತ್ತಾರೆ. ಪ್ರತಿ ಸಲವೂ ಉಳಿದ ಭಾಗವನ್ನು ಆಮ್ಲ ಇನ್ನಷ್ಟು ಕೊರೆಯುತ್ತದೆ, ಅಲ್ಲಿ ಶಾಯಿ ಹೆಚ್ಚು ನಿಂತು ಅಚ್ಚಿನಲ್ಲಿ ಇನ್ನಷ್ಟು ಕಪ್ಪಾಗುತ್ತದೆ. ನೀವು ‘ವಿಷಾದದ ಮೋಡ’ ಎಂದು ಬಣ್ಣಿಸಿದ ಕಪ್ಪು ಬನಾರಸಿನ ಆಕಾಶದ್ದೋ, ಲಂಡನ್ನಿನಲ್ಲಿ ಆಮ್ಲ ಕೊಟ್ಟದ್ದೋ? ಇದನ್ನು ಕೇಳದೆ ಆ ಪದ ಬಳಸಬಾರದು.

ನಾನು ಪತ್ರಿಕೆಯ ಕೆಲಸ ಕಲಿಯುವಾಗ ಹಿರಿಯರು ಹಳೆಯ ಚಿತ್ರದ ಬಗ್ಗೆ ಮೊದಲು ಕೇಳುತ್ತಿದ್ದದ್ದು, ಬಿಡಿಸಿದವನು ಎಲ್ಲಿ ಕೂತಿದ್ದ, ಯಾವ ತಿಂಗಳಲ್ಲಿ ಅಂತ. ಇಲ್ಲಿ ಅದು ತುಂಬಾ ಉಪಯೋಗಕ್ಕೆ ಬರುತ್ತದೆ. ಬನಾರಸಿನಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳೆ, ಘಾಟುಗಳಿರುವುದು ಪಶ್ಚಿಮ ದಡದಲ್ಲಿ. ಹಾಗಾಗಿ ದೋಣಿಯಿಂದ ಮಸೀದಿಗೆ ಮುಖ ಮಾಡಿದರೆ ಮಣಿಕರ್ಣಿಕಾ ಘಾಟು ಎಡಕ್ಕಿರಬೇಕು. ಅಚ್ಚು ಹಾಕಿದಾಗ ಎಡಬಲ ಅದಲುಬದಲಾಗುತ್ತದೆ; ಹಾಗಾಗಿ ಅದು ಬಲಕ್ಕೆ ಕಂಡರೆ, ತಗಡಿನ ಮೇಲೆ ಚಿತ್ರವನ್ನು ತಿರುಗಿಸಿ ಬಿಡಿಸದೆ ಅಚ್ಚು ಹಾಕಿದ್ದಾರೆ ಎಂದು ಅರ್ಥ. ನದಿಯ ಕಡೆಯ ಗೋಡೆಗೆ ನೇರ ಬಿಸಿಲು ಬಿದ್ದಿದ್ದರೆ ಅದು ಬೆಳಗಿನ ಹೊತ್ತು. ಮೆಟ್ಟಿಲುಗಳು ಬುಡದವರೆಗೆ ಕಂಡರೆ ಮಳೆಗಾಲವಲ್ಲ. ಆಗಸ್ಟಿನಲ್ಲಿ ಅವು ಮುಳುಗಿರುತ್ತವೆ.

ಚಿತ್ರದ ಮಿನಾರಿಗೆ ಸ್ಕೇಲು ಇಡಿ. ಬನಾರಸಿನ ಟಂಕಸಾಲೆಯಲ್ಲಿದ್ದ ಜೇಮ್ಸ್ ಪ್ರಿನ್ಸೆಪ್ ಇವುಗಳನ್ನು ದುರಸ್ತಿ ಮಾಡಿಸಿದವನು. ಅವನು ಕೊಟ್ಟ ಅಳತೆಯಲ್ಲಿ ಜಗಲಿಯಿಂದ ಕಳಶದವರೆಗೆ 147 ಅಡಿ 2 ಅಂಗುಲ, ಬುಡದ ವ್ಯಾಸ ಎಂಟೂಕಾಲು ಅಡಿ, ತುದಿಯದು ಏಳೂವರೆ. ಅಂದರೆ ಎತ್ತರ ಬುಡದ ಅಗಲದ ಸುಮಾರು 18 ಪಟ್ಟು. ನಿಮ್ಮ ಪ್ರತಿಯೊಂದು ಚಿತ್ರದಲ್ಲೂ ಈ ಪಟ್ಟು ಎಷ್ಟು ಬರುತ್ತದೆ ಎಂದು ಬರೆದುಕೊಳ್ಳಿ. 12 ಬಂದರೆ ಕಲಾವಿದ ದಪ್ಪ ಮಾಡಿದ್ದಾನೆ, 25 ಬಂದರೆ ಎಳೆದಿದ್ದಾನೆ. ಹಾಡ್ಜಸ್ ಮತ್ತು ಅವನ ನಂತರ ಬನಾರಸನ್ನು ಚಿತ್ರಿಸಿದ ಡೇನಿಯಲ್‌ರ ನಡುವಿನ ವ್ಯತ್ಯಾಸವನ್ನು ಆಗ ಅಂಕಿಯಲ್ಲೇ ತೋರಿಸಬಹುದು. ಅಳೆಯುವಾಗ ಅಂತರ್ಜಾಲದ ಕತ್ತರಿಸಿದ ಪ್ರತಿ ಬೇಡ, ಅಂಚು ಪೂರ್ತಿ ಇರುವ ಪ್ರತಿಯನ್ನೇ ಬಳಸಿ.

ಈ ಭಾಗ ಹೊಸದಾಗಿ ಬರೆದು ಕಳಿಸಿ, ಮತ್ತೆ ಓದುತ್ತೇನೆ.