ಹಿಮ ಬೀಳುವ ಬೆಟ್ಟದಲ್ಲಿ ಮರ ಒಣಗೋದು ಯಾಕೆ?

ಪ್ರಶ್ನೆ: ಮಗಳ ಜೊತೆ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳನ್ನು ನೋಡಿ ಬಂದೆ. ದಾರಿಯುದ್ದಕ್ಕೂ ದೊಡ್ಡ ದೊಡ್ಡ ಪೈನ್ ಮರಗಳು ನಿಂತಲ್ಲೇ ಒಣಗಿದ್ದವು. ಹಿಂದೆ ಬಂದ ಬರದಿಂದ ಹೀಗಾಯ್ತು ಅಂದರು. ಆಳೆತ್ತರ ಹಿಮ ಬೀಳುವ ಕಡೆ ಬರವೇ? ಹಿಮ ಇಲ್ಲದಿದ್ದರೆ ಮಳೆಯಾದರೂ ಬರುತ್ತಲ್ಲ, ಮರಕ್ಕೆ ಎರಡೂ ನೀರೇ ಅಲ್ವಾ? ಒಣಗಿದ್ದನ್ನು ಕಡಿದು ತೆಗೆಯೋದಾದರೂ ಬೇಡ್ವಾ?
— ವಸುಧಾ, ತುಮಕೂರು

ಉತ್ತರ: ಎರಡೂ ನೀರೇ ವಸುಧಾ ಅವರೇ, ಆದರೆ ಮರದ ಬೇರಿಗೆ ಸಿಗುವ ಹೊತ್ತು ಬೇರೆ. ಬೇಸಿಗೆ ಕಳೆದರೆ ಮಳೆ ಅನ್ನೋದು ಮುಂಗಾರು ನಂಬಿದ ನಮ್ಮ ಲೆಕ್ಕ. ಅಲ್ಲಿ ಎಲ್ಲಾ ತಿರುಗುಮುರುಗು. ನೀರು ಬೀಳೋದು ಹೆಚ್ಚಾಗಿ ನವೆಂಬರಿನಿಂದ ಮಾರ್ಚ್‌ವರೆಗೆ. ಮರಕ್ಕೆ ಬಾಯಾರೋದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗ ಅಲ್ಲೊಂದು ಇಲ್ಲೊಂದು ಗುಡುಗು ಮಳೆ ಬಂದರೆ ಬಂತು, ಅಷ್ಟೇ. ಹಿಮವಾದರೆ ಬೆಟ್ಟದ ಮೇಲೇ ಕೂತಿದ್ದು, ಬಿಸಿಲು ಏರಿದ ಹಾಗೆ ನಿಧಾನವಾಗಿ ಕರಗಿ ನೆಲಕ್ಕಿಳಿಯುತ್ತದೆ. ಅದೇ ನೀರು ಜನವರಿಯಲ್ಲಿ ಮಳೆಯಾಗಿ ಸುರಿದರೆ ನೆಲ ಕುಡಿದಷ್ಟು ಕುಡಿದು, ಮಿಕ್ಕಿದ್ದೆಲ್ಲ ಹೊಳೆಪಾಲು.

2012ರಿಂದ ಅಲ್ಲಿ ಸಾಲುಸಾಲು ಬರ. 2015ರ ಏಪ್ರಿಲ್ 1ರಂದು ಹಿಮ ಅಳೆದಾಗ ಸಿಕ್ಕಿದ್ದು ವಾಡಿಕೆಯ ಶೇ 5 ಮಾತ್ರ. ಫಿಲಿಪ್ಸ್ ಸ್ಟೇಷನ್ ಅನ್ನುವ ಅಳತೆಯ ಜಾಗದಲ್ಲಿ ಆ ಹೊತ್ತಿಗೆ ಐದಡಿಗೂ ಜಾಸ್ತಿ ಹಿಮ ಇರಬೇಕು. ಅವತ್ತು ಗವರ್ನರ್ ಜೆರ್ರಿ ಬ್ರೌನ್ ಬರೀ ಹುಲ್ಲಿನ ಮೇಲೆ ನಿಂತು ಊರುಗಳ ನೀರಿಗೆ ಕಾಲು ಭಾಗ ಕಡಿತ ಹೇಳಿದರು. ಆ ಚಳಿಗಾಲ ಮಳೆಯೂ ಕಮ್ಮಿ ಇತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಚಳಿಯೇ ಇರಲಿಲ್ಲ. ಹಾಗಾಗಿ ಬಿದ್ದ ಅಲ್ಪಸ್ವಲ್ಪವೂ ಹಿಮವಾಗಿ ನಿಲ್ಲಲಿಲ್ಲ.

ಮರಗಳು ಮೊದಲ ವರ್ಷವೇ ಸಾಯಲಿಲ್ಲ, ಗಮನಿಸಿ. ಅಲ್ಲಿ ಮೇಲ್ಮಣ್ಣಿನ ಕೆಳಗೆ ಪುಡಿಯಾದ ಗ್ರಾನೈಟ್ ಇದೆ, ನಮ್ಮ ಬಾವಿ ತೋಡುವವರು ಗರಸು ಅನ್ನುತ್ತಾರಲ್ಲ ಅಂಥದ್ದು. ಎಷ್ಟೋ ಮೀಟರ್ ಆಳದವರೆಗೆ ಅದರಲ್ಲಿ ತೇವ ಉಳಿದಿರುತ್ತದೆ. ಬರದಲ್ಲಿ ಬೇರು ಅದನ್ನೇ ಹೀರಿತು. ಪ್ರತಿ ಚಳಿಗಾಲ ತುಂಬಬೇಕಾದ ಠೇವಣಿ ತುಂಬಲಿಲ್ಲ, ತೆಗೆಯೋದು ಮಾತ್ರ ನಿಲ್ಲಲಿಲ್ಲ.

ಆಮೇಲೆ ಬಂದದ್ದು ತೊಗಟೆ ಹುಳು. ಮಗನ ಮನೆಗೆ ಫ್ರೆಸ್ನೋಗೆ ಹೋದಾಗ ಪಾಂಡೆರೋಸಾ ಪೈನ್ ಒಂದರ ತೊಗಟೆ ಕಿತ್ತು ನೋಡಿದ್ದೇನೆ. ಒಳಗೆಲ್ಲ ಅಂಕುಡೊಂಕು ಗೆರೆ, ಯಾರೋ ಗೀಚಿ ಹಾಕಿದ ಹಾಗೆ. ಹುಳು ಅಕ್ಕಿಕಾಳಿಗಿಂತ ದೊಡ್ಡದಲ್ಲ. ಗಟ್ಟಿಮುಟ್ಟಾದ ಮರ ಕೊರೆದ ತೂತಿಗೆ ರಾಳ ಉಕ್ಕಿಸಿ ಹುಳುವನ್ನು ಹೊರಗೆ ದಬ್ಬುತ್ತದೆ. ಅಂಥ ಕಡೆ ಅಂಟಿನ ಉಂಡೆಗಳು ಕಾಣುತ್ತವೆ. ಬಾಯಾರಿದ ಮರದಲ್ಲಿ ಉಂಡೆ ಇಲ್ಲ, ತೊಗಟೆಯ ಸಂದಿಯಲ್ಲಿ ಬರೀ ಕೆಂಚು ಪುಡಿ. ಹಾಗಾಗಿ ಕೊಂದದ್ದು ಬರವೋ ಹುಳುವೋ ಅನ್ನುವ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. 2010ರಿಂದ 2017ರವರೆಗೆ ಕ್ಯಾಲಿಫೋರ್ನಿಯಾದಲ್ಲಿ ಸತ್ತ ಮರಗಳು 12.9 ಕೋಟಿ ಅಂತ ಅಲ್ಲಿನ ಅರಣ್ಯ ಇಲಾಖೆಯ ಅಂದಾಜು.

ಇದರಲ್ಲಿ ಮನುಷ್ಯರ ಕೈವಾಡವೂ ಇದೆ. ಅಲ್ಲಿನ ಮೂಲನಿವಾಸಿಗಳು ಆಗಾಗ ಸಣ್ಣ ಬೆಂಕಿ ಹಾಕಿ ಕಾಡು ತೆಳುವಾಗಿ ಇಟ್ಟಿದ್ದರು. ಆಮೇಲೆ ಬಂದವರು ನೂರು ವರ್ಷ ಬೆಂಕಿ ಕಂಡಲ್ಲೆಲ್ಲ ಆರಿಸಿದರು. ಮರ ಒತ್ತೊತ್ತಾಗಿ ಬೆಳೆದವು, ಇದ್ದ ನೀರಿಗೆ ಪಾಲುದಾರರು ಜಾಸ್ತಿಯಾದರು.

ಇನ್ನೂ ಮೇಲೆ, ಎಂಟು ಸಾವಿರ ಅಡಿ ದಾಟಿದರೆ, ಕಥೆ ಬೇರೆ. ಅಲ್ಲಿ ಮರವನ್ನು ಹಿಡಿದಿಡೋದು ಹೆಚ್ಚಾಗಿ ಚಳಿ. ಹಿಮ ಬೇಗ ಕರಗಿದರೆ ಮರ ಬೇಗ ಚಿಗುರಿ, ಜಾಸ್ತಿ ದಿನ ನೀರು ಕುಡಿಯುತ್ತದೆ. ಕಾಡಿಗೆ ಒಳ್ಳೆಯದಲ್ವಾ ಅನ್ನಬಹುದು. ಆದರೆ ಅದು ಕುಡಿದದ್ದು ಕೆಳಗಿನ ಹೊಳೆಗೆ ಬರುವುದಿಲ್ಲ, ಫ್ರೆಸ್ನೋ ಸುತ್ತಿನ ಬಾದಾಮಿ, ದ್ರಾಕ್ಷಿ ತೋಟದವರಿಗೆ ಅದೇ ಚಿಂತೆ.

2023ರಲ್ಲಿ ವಾಡಿಕೆಯ ಎರಡು ಪಟ್ಟಿಗೂ ಜಾಸ್ತಿ ಹಿಮ ಬಿತ್ತು. ಉಳಿದ ಮರಗಳಿಗೆ ಜೀವ ಬಂತು, ಸತ್ತದ್ದು ಸತ್ತೇ ಇದೆ. ಕೆಳ ಇಳಿಜಾರಿನಲ್ಲಿ ಎಷ್ಟೋ ಕಡೆ ಪೈನ್ ಹೋದ ಜಾಗಕ್ಕೆ ಓಕ್, ಪೊದೆ ಬಂದಿವೆ.

ಕಡಿಯೋ ಮಾತಿಗೆ ಬಂದರೆ, ರಸ್ತೆ, ಮನೆ, ಕರೆಂಟ್ ತಂತಿ ಹತ್ತಿರದ್ದನ್ನು ಕಡಿಯುತ್ತಾರೆ. ಒಳಗಿನ ಕಡಿದಾದ ಬೆಟ್ಟದಿಂದ ದಿಮ್ಮಿ ಇಳಿಸುವ ಖರ್ಚು ಹುಟ್ಟುವುದಿಲ್ಲ. ಹುಳುವಿನ ಜೊತೆ ಬರುವ ಬೂಷ್ಟು ಮರಕ್ಕೆ ನೀಲಿ ಕಲೆ ಹತ್ತಿಸುತ್ತದೆ, ಸಾಮಿಲ್‌ನವರು ಬೆಲೆ ಇಳಿಸುತ್ತಾರೆ. ಹಾಗೇ ಬಿಟ್ಟರೆ ಮರಕುಟಿಗಗಳಿಗೆ ಕೆಲವು ವರ್ಷ ಮನೆಯಾಯಿತು. ಒಣಮರದ ಕೆಳಗೆ ಟೆಂಟ್ ಮಾತ್ರ ಹಾಕಬೇಡಿ, ಗಾಳಿ ಇಲ್ಲದಿದ್ದರೂ ಕೊಂಬೆ ಬೀಳುತ್ತದೆ.